ಗಣಕವನ್ನು ಎಚ್ಚರಿಸುವ ಬಿಲ್ಲೆ

ಪ್ರಯಾಣಕ್ಕೆ ಹೊರಟವನು ಮನೆಯನ್ನೆಲ್ಲ ಹೊತ್ತುಕೊಂಡು ಹೋಗಲಾರನು. ದಾರಿಗೆ ಬುತ್ತಿ, ಉಡಲು ಬಟ್ಟೆ, ಕತ್ತಲಾದರೆ ಒಂದು ದೀಪ - ಇಷ್ಟನ್ನು ಆರಿಸಿ ಗಂಟು ಕಟ್ಟುತ್ತಾನೆ. ಏನನ್ನು ಒಯ್ಯಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದನ್ನು ನಿಶ್ಚಯಿಸುವುದೇ ಹೆಚ್ಚು ಕಷ್ಟದ ಕೆಲಸ. ಗಣಕಯಂತ್ರಗಳ ಚರಿತ್ರೆಯಲ್ಲಿಯೂ ಇಂತಹ ಒಂದು ಪುಟ್ಟ ಗಂಟು ಇದ್ದಿತು. ಅದೇ ಬೂಟ್ ಫ್ಲಾಪಿ.

ಗಣಕದ ಸ್ಮೃತಿಯಲ್ಲಿ ಹೆಚ್ಚಿನ ಭಾಗವು ವಿದ್ಯುತ್ತು ಹರಿಯುವವರೆಗೆ ಮಾತ್ರ ಮಾಹಿತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿದ್ಯುತ್ತು ನಿಂತೊಡನೆ ಅಲ್ಲಿದ್ದುದೆಲ್ಲವೂ ಅಳಿಸಿಹೋಗುತ್ತದೆ. ಮತ್ತೆ ಚಾಲನೆಗೊಂಡಾಗ ಗಣಕವು ಏನನ್ನೂ ಅರಿಯದ ಶಿಶುವಿನಂತಿರುತ್ತದೆ. ಅದು ಕೆಲಸ ಮಾಡಬೇಕಾದರೆ ಆದೇಶಗಳು ಬೇಕು. ಆ ಆದೇಶಗಳನ್ನು ಸ್ಮೃತಿಯೊಳಕ್ಕೆ ತರಬೇಕಾದರೂ ಬೇರೆ ಆದೇಶಗಳು ಬೇಕು! ಹಾಗಾದರೆ ಮೊದಲನೆಯ ಆದೇಶವನ್ನು ತರುವವರು ಯಾರು? ತನ್ನ ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಮಾತೊಂದು ಇಂಗ್ಲಿಷಿನಲ್ಲಿ ರೂಢಿಯಲ್ಲಿದೆ. ಗಣಕವನ್ನು ಎಚ್ಚರಿಸುವ ಕ್ರಿಯೆಗೆ 'ಬೂಟ್' ಎಂಬ ಹೆಸರು ಬಂದುದು ಆ ಮಾತಿನಿಂದಲೇ.

ಫ್ಲಾಪಿ ಬಿಲ್ಲೆಯು ಹುಟ್ಟಿದುದೇ ಈ ಕಾರ್ಯಕ್ಕಾಗಿ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಐಬಿಎಂ ಸಂಸ್ಥೆಯು 1971ರಲ್ಲಿ ತನ್ನ ಸಿಸ್ಟಮ್ 370 ಎಂಬ ದೊಡ್ಡ ಗಣಕಗಳಿಗೆ ಆರಂಭದ ಆದೇಶಗಳನ್ನು ತುಂಬಲು ಎಂಟು ಅಂಗುಲದ ಮೃದುವಾದ ಕಾಂತೀಯ ಬಿಲ್ಲೆಯನ್ನು ಬಳಕೆಗೆ ತಂದಿತು. ಅದು ಹಿಡಿಯುತ್ತಿದ್ದುದು ಸುಮಾರು 80 ಕಿಲೋಬೈಟ್‌ಗಳಷ್ಟು ಮಾತ್ರ. ಆದರೆ ಅದು ಅಗ್ಗವಾಗಿತ್ತು, ಹಗುರವಾಗಿತ್ತು, ಅಂಚೆಯಲ್ಲಿ ಕಳುಹಿಸಲೂ ಯೋಗ್ಯವಾಗಿತ್ತು. ಮುಂದೆ ಅದರ ಗಾತ್ರ ಕುಗ್ಗುತ್ತ ಹೋಯಿತು. ಹಿಡಿಯುವ ಶಕ್ತಿ ಹೆಚ್ಚುತ್ತ ಹೋಯಿತು. 1980ರ ದಶಕದ ಕೊನೆಯ ವೇಳೆಗೆ ಬಳಕೆಗೆ ಬಂದಿದ್ದ ಮೂರೂವರೆ ಅಂಗುಲದ ಬಿಲ್ಲೆಯು 1.44 ಮೆಗಾಬೈಟ್‌ಗಳನ್ನು ಹಿಡಿಯುತ್ತಿತ್ತು.

1981ರಲ್ಲಿ ಐಬಿಎಂ ಸಂಸ್ಥೆಯೇ ಜನಸಾಮಾನ್ಯರ ಮೇಜಿನ ಮೇಲಿಡಬಹುದಾದ ಗಣಕವೊಂದನ್ನು ಹೊರತಂದಿತು. ಅದರ ಅತ್ಯಂತ ಸರಳ ಮಾದರಿಯಲ್ಲಿದ್ದ ಸ್ಮೃತಿ 16 ಕಿಲೋಬೈಟ್. ಅದರ ಮಿದುಳಾದ ಸಂಸ್ಕಾರಕವು ಒಟ್ಟು 1024 ಕಿಲೋಬೈಟ್‌ಗಳಷ್ಟು ನೆಲೆಗಳನ್ನು ಮಾತ್ರ ಗುರುತಿಸಬಲ್ಲುದಾಗಿತ್ತು. ಅದರಲ್ಲಿ 384 ಕಿಲೋಬೈಟ್ ತೆರೆಗೂ ಯಂತ್ರದ ಇತರ ಅಂಗಗಳಿಗೂ ಮೀಸಲಾಯಿತು. ಉಳಿದ 640 ಕಿಲೋಬೈಟ್ ಬಳಸುವವರ ಪಾಲಿಗೆ ಬಂದಿತು. ಮುಂದೆ ನಾಲ್ಕು ಮೆಗಾಬೈಟ್, ಎಂಟು ಮೆಗಾಬೈಟ್ ಸ್ಮೃತಿಯುಳ್ಳ ಗಣಕಗಳು ಬಂದರೂ, ಡಾಸ್ ಎಂಬ ಕಾರ್ಯವ್ಯವಸ್ಥೆಯಡಿಯಲ್ಲಿ ನಡೆಯುವ ತಂತ್ರಾಂಶಗಳು ಬಹುಮಟ್ಟಿಗೆ ಈ 640 ಕಿಲೋಬೈಟ್‌ಗಳ ಅಂಗಳದಲ್ಲಿಯೇ ಆಡಬೇಕಾಗಿತ್ತು. ಮನೆ ವಿಶಾಲವಾಗಿದ್ದರೂ ಪಡಸಾಲೆ ಕಿರಿದಾಗಿತ್ತು. ಯಂತ್ರದಲ್ಲಿ ಬೇಕಾದಷ್ಟು ಸ್ಮೃತಿಯಿದ್ದರೂ 'ಸ್ಮೃತಿ ಸಾಲದು' ಎಂಬ ಸಂದೇಶ ತೆರೆಯ ಮೇಲೆ ಮೂಡುತ್ತಿದ್ದುದು ಈ ಕಾರಣದಿಂದಲೇ.

ಬೂಟ್ ಫ್ಲಾಪಿಯು ಕೆಲಸ ಮಾಡುತ್ತಿದ್ದ ಕ್ರಮವು ದೀಪದಿಂದ ದೀಪವನ್ನು ಹಚ್ಚಿದಂತೆ. ಗಣಕದ ಒಳಗೆ ಅಳಿಸಲಾಗದಂತೆ ಬರೆದಿಟ್ಟ ಪುಟ್ಟ ಆದೇಶಾವಳಿಯೊಂದು ಮೊದಲು ಎಚ್ಚರಗೊಂಡು, ಬಿಲ್ಲೆಯ ಮೊದಲನೆಯ ಖಂಡವನ್ನು ಓದುತ್ತಿತ್ತು. ಆ ಖಂಡದ ಅಳತೆ ಕೇವಲ 512 ಬೈಟ್‌ಗಳು. ಅಷ್ಟರಲ್ಲಿಯೇ ಅಡಗಿದ್ದ ಆದೇಶಗಳು ಮುಂದಿನ ಕಡತವನ್ನು ಹುಡುಕಿ ಒಳಕ್ಕೆ ಕರೆತರುತ್ತಿದ್ದವು. ಎಂಎಸ್ ಡಾಸ್‌ನಲ್ಲಿ ಅಗತ್ಯವಾಗಿದ್ದ ಮೂಲ ಕಡತಗಳು ಮೂರು: ಐಓ ಸಿಸ್, ಎಂಎಸ್‌ಡಾಸ್ ಸಿಸ್ ಮತ್ತು ಕಮಾಂಡ್ ಕಾಮ್. ಇವುಗಳಲ್ಲಿ ಮೊದಲಿನ ಎರಡನ್ನು ಸಾಮಾನ್ಯ ಕಡತಗಳಂತೆ ನಕಲು ಮಾಡಿದರೆ ಸಾಲದು. ಅವು ತಮ್ಮ ನಿಯತ ಸ್ಥಾನದಲ್ಲಿಯೇ ಕೂರಬೇಕಾಗಿತ್ತು. ಆದುದರಿಂದ ಬಿಲ್ಲೆಯನ್ನು ಅಣಿಗೊಳಿಸುವಾಗಲೇ ಅವುಗಳನ್ನು ಬರೆಯುವಂತೆ ವಿಶೇಷ ಆದೇಶವನ್ನು ಕೊಡುತ್ತಿದ್ದರು.

ಬಿಲ್ಲೆಯನ್ನು ತಯಾರಿಸುವವನ ವಿವೇಕಕ್ಕೆ ನಿಜವಾದ ಪರೀಕ್ಷೆ ಆಮೇಲೆ. ಮೌಸ್ ನಡೆಸಲು ಒಂದು ಸಹಾಯಕ ತಂತ್ರಾಂಶ, ಸಿಡಿಯನ್ನು ಓದಲು ಇನ್ನೊಂದು, ಧ್ವನಿಗೆ ಮತ್ತೊಂದು - ಪ್ರತಿಯೊಂದೂ ಆ 640 ಕಿಲೋಬೈಟ್‌ಗಳಲ್ಲಿ ತನ್ನ ಪಾಲನ್ನು ಬೇಡುತ್ತಿತ್ತು. ಎಲ್ಲವನ್ನೂ ಕರೆದು ಕೂರಿಸಿದರೆ, ಯಾವ ಕೆಲಸಕ್ಕಾಗಿ ಗಣಕವನ್ನು ಎಬ್ಬಿಸಿದರೋ ಆ ಕೆಲಸಕ್ಕೇ ಎಡೆಯಿಲ್ಲದಾಗುತ್ತಿತ್ತು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ನಾಣ್ಣುಡಿಯನ್ನು ಅರಿತವನು ಕಾನ್‌ಫಿಗ್ ಸಿಸ್ ಎಂಬ ಪಟ್ಟಿಯನ್ನು ಸಾಲುಸಾಲಾಗಿ ಪರೀಕ್ಷಿಸಿ, ಇಂದಿನ ಕೆಲಸಕ್ಕೆ ಬೇಡವಾದುದನ್ನು ತೆಗೆದುಹಾಕುತ್ತಿದ್ದನು. 1991ರಲ್ಲಿ ಬಂದ ಎಂಎಸ್ ಡಾಸ್‌ನ ಐದನೆಯ ಆವೃತ್ತಿಯು ಇನ್ನೊಂದು ಉಪಾಯವನ್ನು ಒದಗಿಸಿತು. ಹೈಮೆಮ್ ಎಂಬ ಸಹಾಯಕನ ಮೂಲಕ ಡಾಸ್ ತನ್ನ ಬಹುಭಾಗವನ್ನು ಒಂದು ಮೆಗಾಬೈಟ್‌ನ ಗಡಿಯಾಚೆಗೆ ಸಾಗಿಸಿಕೊಂಡು, ಅತಿಥಿಗಳಿಗಾಗಿ ಪಡಸಾಲೆಯನ್ನು ತೆರವು ಮಾಡಿಕೊಡುತ್ತಿತ್ತು.

ಬೂಟ್ ಫ್ಲಾಪಿಯ ಬೆಲೆ ತಿಳಿಯುತ್ತಿದ್ದುದು ಸಂಕಟದ ಹೊತ್ತಿನಲ್ಲಿ. ಗಣಕದೊಳಗಿನ ಮುಖ್ಯ ಡಿಸ್ಕಿನ ಆರಂಭದ ಭಾಗ ಕೆಟ್ಟರೆ ಗಣಕವು ಏಳುತ್ತಿರಲಿಲ್ಲ. ವರ್ಷಗಳ ಲೆಕ್ಕಪತ್ರಗಳು ಒಳಗೇ ಸೆರೆಯಾಗುತ್ತಿದ್ದವು. ಆಗ ಬೂಟ್ ಫ್ಲಾಪಿಯಿಂದ ಗಣಕವನ್ನು ಎಬ್ಬಿಸಿ ಉಳಿದಿದ್ದ ಕಡತಗಳನ್ನು ಹೊರತೆಗೆಯಲು ಸಾಧ್ಯವಾಗುತ್ತಿತ್ತು. ಆದರೆ ಕೆಟ್ಟ ಗಣಕದಲ್ಲಿ ಆ ಬಿಲ್ಲೆಯನ್ನು ತಯಾರಿಸುವಂತಿರಲಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಫಲವೇನು? ಬಿಲ್ಲೆಯ ಮೊದಲ ಖಂಡದಲ್ಲಿಯೇ ಅವಿತುಕೊಳ್ಳುವ 'ಬ್ರೇನ್' ಎಂಬ ವೈರಸ್ 1986ರಲ್ಲಿ ಕಾಣಿಸಿಕೊಂಡಿತು. ಅಂತಹ ಪೀಡೆಗಳು ಹೆಚ್ಚಿದಂತೆ, ರೋಗವಿಲ್ಲದ ಗಣಕದಲ್ಲಿ ಮೊದಲೇ ಬಿಲ್ಲೆಯನ್ನು ತಯಾರಿಸಿ, ಅದರ ಮೇಲೆ ಮತ್ತೇನನ್ನೂ ಬರೆಯಲಾಗದಂತೆ ತಡೆಯೊಡ್ಡಿ, ಪರೀಕ್ಷಿಸಿ ಕಾಪಾಡಿಕೊಳ್ಳುವುದು ಜಾಣರ ಪದ್ಧತಿಯಾಯಿತು.

2011ರಲ್ಲಿ ಸೋನಿ ಸಂಸ್ಥೆಯು ಜಪಾನಿನಲ್ಲಿ ಫ್ಲಾಪಿಗಳ ಮಾರಾಟವನ್ನು ನಿಲ್ಲಿಸಿತು. ಆದರೂ ಹಳೆಯ ಯಂತ್ರಗಳು ಒಮ್ಮೆಲೇ ಕಣ್ಮರೆಯಾಗಲಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1998ರಲ್ಲಿ ಸ್ಥಾಪಿತವಾದ ರೈಲು ನಿಯಂತ್ರಣ ವ್ಯವಸ್ಥೆಯು ಪ್ರತಿದಿನ ಬೆಳಗಿನಲ್ಲಿ ಫ್ಲಾಪಿಗಳಿಂದಲೇ ಆದೇಶಗಳನ್ನು ಪಡೆದು ಎಚ್ಚರಗೊಳ್ಳುತ್ತಿತ್ತು. ಆ ವ್ಯವಸ್ಥೆಯನ್ನು ಬದಲಾಯಿಸುವ ಒಪ್ಪಂದಕ್ಕೆ ಅನುಮತಿ ದೊರೆತುದು 2024ರಲ್ಲಿ. ಒಂದು ಮಹಾನಗರದ ಸಾವಿರಾರು ಜನರ ಸಂಚಾರವು ಅಷ್ಟು ಕಾಲ ಅಂಗೈಯಗಲದ ಬಿಲ್ಲೆಗಳನ್ನು ನೆಚ್ಚಿಕೊಂಡಿತ್ತು!

ಇಂದಿನ ಗಣಕಗಳಲ್ಲಿ ಸ್ಮೃತಿಗೆ ಬರವಿಲ್ಲ. ಆದರೆ ಹೇರಳವಾಗಿರುವಲ್ಲಿ ಆರಿಸುವ ಶ್ರಮವನ್ನು ಮನುಷ್ಯನು ಮರೆತುಬಿಡುವುದುಂಟು. ಕೊರತೆಯು ಅಂದಿನವರಿಗೆ ಯಂತ್ರದ ಒಂದೊಂದು ಅಂಗವನ್ನೂ ಅರಿಯುವಂತೆ ಮಾಡಿತು; ಅಗತ್ಯವನ್ನೂ ಆಡಂಬರವನ್ನೂ ಬೇರೆಬೇರೆಯಾಗಿ ಕಾಣಲು ಕಲಿಸಿತು. ಬೂಟ್ ಫ್ಲಾಪಿಯ ಬಳಕೆ ಹಿಂದಾಗಿರಬಹುದು. ಅದು ಕಲಿಸಿದ ಮಿತವ್ಯಯದ ಪಾಠ ಹಳೆಯದಾಗಿಲ್ಲ.