ತಯಾರಿಯ ಗಂಟೆಗಳಿಗೆ ಕಾಲಂ ಇಲ್ಲ

ವಿಶ್ವವಿದ್ಯಾಲಯದ ಮೇಷ್ಟ್ರು ಎಂದರೆ ಊರ ಕಡೆ ಇವತ್ತಿಗೂ ಒಂದು ಚಿತ್ರವಿದೆ. ದಿನಕ್ಕೆರಡು ಪಾಠ, ಉಳಿದ ಹೊತ್ತು ಲೈಬ್ರರಿ, ಬೇಸಿಗೆಯಲ್ಲಿ ಉದ್ದನೆಯ ರಜೆ, ಕೈತುಂಬ ಸಂಬಳ. ಸಂಬಳದ ಮಾತು ಸುಳ್ಳಲ್ಲ. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700 ರೂಪಾಯಿ. ನಮ್ಮ ಮನೆಯಲ್ಲಿ ಅಷ್ಟನ್ನು ತಿಂಗಳಿಗೆ ಎಣಿಸಿದವರು ಯಾರೂ ಇರಲಿಲ್ಲ. ಉಳಿದ ಚಿತ್ರವನ್ನು ಯಾರು ಬರೆದರೋ ಗೊತ್ತಿಲ್ಲ, ಅವರು ಈಚೆಗೆ ಯಾವ ವಿಭಾಗಕ್ಕೂ ಕಾಲಿಟ್ಟಿಲ್ಲ ಎಂಬುದಂತೂ ಖಚಿತ.

ಕಲ್ಯಾಣ ಕರ್ನಾಟಕದ ಒಂದು ರಾಜ್ಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗಕ್ಕೆ ನಾನು ಸೇರಿದಾಗ, ಪಾಠದ ವೇಳಾಪಟ್ಟಿ ಕೈಗೆ ಬರುವ ಮೊದಲೇ ಸಮಿತಿಗಳ ಆದೇಶ ಪ್ರತಿಗಳು ಬಂದವು. ಹಾಸ್ಟೆಲ್ ಸಮಿತಿ, ಕ್ರೀಡಾ ಸಮಿತಿ, ರ‍್ಯಾಗಿಂಗ್ ತಡೆ ಸಮಿತಿ, ಇವುಗಳ ಜೊತೆಗೆ ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಐದನೇ ಮಾನದಂಡದ ಕಡತ. ನ್ಯಾಕ್‌ನ ಏಳು ಮಾನದಂಡಗಳಲ್ಲಿ ಐದನೆಯದು ವಿದ್ಯಾರ್ಥಿಗಳಿಗೆ ಸಿಕ್ಕ ನೆರವು ಮತ್ತು ಅವರ ಪ್ರಗತಿಯದು. ಓದು ಮುಗಿಸಿ ಹೋದವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ, ಯಾರಿಗೆ ಯಾವ ವಿದ್ಯಾರ್ಥಿವೇತನ ಬಂತು, ಎಲ್ಲಕ್ಕೂ ದಾಖಲೆ ಬೇಕು. ಕಾರ್ಯಕ್ರಮ ನಡೆದದ್ದಕ್ಕೆ ಜಿಯೋಟ್ಯಾಗ್ ಇರುವ ಫೋಟೊ ಬೇಕು. ‘ನೀವು ಹೊಸಬರು, ಕಂಪ್ಯೂಟರ್ ಬೇರೆ ಬರುತ್ತೆ’ ಎಂದರು. ಪಿಎಚ್‌.ಡಿ.ಗಿಂತ ದೊಡ್ಡ ಅರ್ಹತೆ ಅದು ಎಂದು ಅಂದೇ ತಿಳಿಯಿತು.

ಇದನ್ನು ದೂರಾಗಿ ಹೇಳುತ್ತಿಲ್ಲ. ವಿಶ್ವವಿದ್ಯಾಲಯ ಹೇಗೆ ನಡೆಯುತ್ತದೆ ಎಂಬುದನ್ನು ನನಗೆ ಕಲಿಸಿದ್ದೇ ಆ ಕಡತಗಳು. ಅಧ್ಯಯನ ಮಂಡಳಿ ಪಠ್ಯಕ್ರಮ ಮಾಡುತ್ತದೆ, ಅದು ನಿಕಾಯಕ್ಕೆ ಹೋಗಿ, ಅಲ್ಲಿಂದ ವಿದ್ಯಾವಿಷಯಕ ಪರಿಷತ್ತಿಗೆ ಹೋಗುತ್ತದೆ ಎಂದು ಪುಸ್ತಕದಲ್ಲಿದೆ. ಆದರೆ ಒಂದು ಪತ್ರ ಆವಕ ಶಾಖೆಯಲ್ಲಿ ನೋಂದಣಿಯಾಗಿ, ವಿಷಯ ನಿರ್ವಾಹಕರ ಟೇಬಲ್ ಹತ್ತಿ, ಅಧೀಕ್ಷಕರ ಟಿಪ್ಪಣಿ ಪಡೆದು, ಕುಲಸಚಿವರ ಕೊಠಡಿಗೆ ತಲುಪುವ ಹಾದಿ ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಹಿರಿಯ ಅಧೀಕ್ಷಕರೊಬ್ಬರು ಮೊದಲ ವಾರವೇ ಹೇಳಿದರು: ‘ಏನೇ ಕೊಟ್ಟರೂ ಸ್ವೀಕೃತಿ ಮೊಹರು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಬಡ್ತಿಗೆ ಅರ್ಜಿ ಹಾಕುವಾಗ ನೆನಪಿಸಿಕೊಳ್ಳುತ್ತೀರಿ.’ ಪಿಎಚ್‌.ಡಿ. ಇದ್ದವರು ನಾಲ್ಕು ವರ್ಷ ಸೇವೆ ಮುಗಿಸಿದರೆ ಮುಂದಿನ ಶ್ರೇಣಿಗೆ ಅರ್ಹರಾಗುತ್ತಾರೆ. ಆ ಹೊತ್ತಿಗೆ ಪ್ರತಿ ಪ್ರಮಾಣಪತ್ರ, ಪ್ರತಿ ಆದೇಶ ಬೇಕು. ಇಂಡಕ್ಷನ್ ತರಬೇತಿಯಲ್ಲಿ ಬೋಧನಾಶಾಸ್ತ್ರ, ಮೌಲ್ಯ ಶಿಕ್ಷಣ ಎಲ್ಲ ಕೇಳಿದೆ. ಅಧೀಕ್ಷಕರ ಮಾತಿನಷ್ಟು ಉಪಯೋಗಕ್ಕೆ ಬಂದದ್ದು ಅಲ್ಲಿ ಕಡಿಮೆ.

ನನ್ನ ಹೊತ್ತು ನಿಜವಾಗಿ ಹೋದದ್ದು ಮಾತ್ರ ಬೇರೆ ಕಡೆ. ಒಂದು ಗಂಟೆ ಪಾಠಕ್ಕೆ ನಾಲ್ಕೈದು ಗಂಟೆ ತಯಾರಿ ಬೇಕಾಗುತ್ತಿತ್ತು. ವಿಷಯ ಗೊತ್ತಿರಲಿಲ್ಲ ಎಂದಲ್ಲ. ಎಂ.ಎ. ಮೊದಲ ಸೆಮಿಸ್ಟರಿಗೆ ಬರುವ ಮಕ್ಕಳಲ್ಲಿ ಬಹುಪಾಲು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವರು. ಪಿಯುಸಿಯಲ್ಲಿ ಗಣಿತ ಇರಲಿಲ್ಲ. ಪರೀಕ್ಷೆಗೆ ಕನ್ನಡದಲ್ಲಿ ಬರೆಯುತ್ತಾರೆ, ಸೂಕ್ಷ್ಮ ಅರ್ಥಶಾಸ್ತ್ರದ ಒಳ್ಳೆಯ ಪುಸ್ತಕಗಳು ಇಂಗ್ಲಿಷಿನಲ್ಲಿವೆ. ನಡುವೆ ಪೇಟೆಯಲ್ಲಿ ಸಿಗುವ ಗೈಡುಗಳಿವೆ. ಅವುಗಳ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ. ಹಾಗಾಗಿ ಪ್ರತಿ ಪಾಠಕ್ಕೆ ಕನ್ನಡದಲ್ಲಿ ನಾನೇ ಟಿಪ್ಪಣಿ ಬರೆಯಬೇಕು, ಪುಸ್ತಕದ ಸೇಬು-ಕಿತ್ತಳೆಯ ಉದಾಹರಣೆ ತೆಗೆದು ನಮ್ಮ ಎಪಿಎಂಸಿಯ ಉದಾಹರಣೆ ಹುಡುಕಬೇಕು, ಅದರ ಅಂಕಿಗಳನ್ನು ಎರಡು ಸಲ ನೋಡಬೇಕು. ಹಿಂದೆ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದಾಗ ಮಾಡಿದ ಟಿಪ್ಪಣಿಗಳು ನೆರವಾಗಬಹುದಿತ್ತು. ಆದರೆ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪ್ರತಿ ಸಲವೂ ಪತ್ರಿಕೆಗಳ ಹೆಸರು, ಘಟಕಗಳು ಬದಲಾದವು. ನೀತಿಗಳ ಗುಣದೋಷ ಬೇರೆ ಮಾತು. ಮೇಷ್ಟ್ರ ಮಟ್ಟದಲ್ಲಿ ಅದರ ಅರ್ಥ ಇಷ್ಟೇ: ಟಿಪ್ಪಣಿ ಪುಸ್ತಕವನ್ನು ಮತ್ತೆ ಮೊದಲಿಂದ ತೆರೆಯುವುದು.

ಒಂದು ಪಾಠದ ಕತೆ ಹೇಳುತ್ತೇನೆ. ಕಾಬ್‌ವೆಬ್ ಮಾದರಿ ಎಂದಿದೆ. ರೈತರು ಕಳೆದ ವರ್ಷದ ಬೆಲೆ ನೋಡಿ ಈ ವರ್ಷ ಬಿತ್ತುತ್ತಾರೆ. ಬೆಲೆ ಏರಿದ್ದರೆ ಎಲ್ಲರೂ ಬಿತ್ತಿ ಬೆಲೆ ಬೀಳುತ್ತದೆ. ಬಿದ್ದಾಗ ಬಿತ್ತುವುದನ್ನು ಬಿಟ್ಟು ಬೆಲೆ ಮತ್ತೆ ಏರುತ್ತದೆ. ನಕ್ಷೆ ಬರೆದರೆ ಜೇಡನ ಬಲೆಯಂತೆ ಕಾಣುತ್ತದೆ. ಆ ಹೆಸರು ಕೊಟ್ಟವರು ನಿಕೋಲಸ್ ಕಾಲ್ಡಾರ್, 1934ರಲ್ಲಿ. ಇದಕ್ಕೆ ನಮ್ಮ ಭಾಗದಲ್ಲಿ ತೊಗರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಮರುವರ್ಷ ಎಲ್ಲರೂ ತೊಗರಿ ಬಿತ್ತಿದರು, ದೇಶದ ಉತ್ಪಾದನೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು, 2017ರ ಆರಂಭಕ್ಕೆ ಮಾರುಕಟ್ಟೆಯಲ್ಲಿ ದರ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳನ್ನು ತರಗತಿಯ ಅರ್ಧ ಜನ ಚಿಕ್ಕವರಿದ್ದಾಗ ಕಂಡವರೇ. ಪಾಠ ಸಲೀಸಾಗಿ ಸಾಗಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು: ‘ಸರ್, ನಮ್ಮಪ್ಪಗ ಅದೆಲ್ಲಾ ಗೊತ್ತದರಿ. ಎಲ್ಲಾರೂ ತೊಗರಿ ಹಾಕ್ಯಾರ, ರೇಟ್ ಬೀಳ್ತದ ಅಂತ ಅವರಿಗೂ ತಿಳೀತದ. ಆದ್ರ ಹೊಲಕ್ಕ ನೀರಿಲ್ಲ, ಮತ್ತೇನ್ ಹಾಕಬೇಕು?’

ರೈತನನ್ನು ಮರೆವಿನ ಮನುಷ್ಯನಂತೆ ಕಾಣುವ ಈ ಮಾದರಿಗೆ ಅಮೆರಿಕದ ಜಾನ್ ಮ್ಯೂತ್ 1961ರಲ್ಲಿ ತೆಗೆದ ತಕರಾರೇ ಅವಳ ಮಾತಿನ ಅರ್ಧ ಭಾಗ: ಜನ ಹಳೆಯ ಬೆಲೆಯನ್ನಷ್ಟೇ ನೋಡುವುದಿಲ್ಲ, ಮುಂದಿನದನ್ನೂ ಲೆಕ್ಕ ಹಾಕುತ್ತಾರೆ. ಇನ್ನರ್ಧ ಆ ಹುಡುಗಿಯದ್ದೇ. ಲೆಕ್ಕ ಗೊತ್ತಿದ್ದೂ ಬೇರೆ ದಾರಿ ಇಲ್ಲದಿದ್ದರೆ? ಮಳೆಯಾಶ್ರಿತ ಕಪ್ಪು ನೆಲದಲ್ಲಿ, ಮಳೆ ಕೈಕೊಟ್ಟರೂ ಬೇರನ್ನು ಆಳಕ್ಕಿಳಿಸಿ ತಡೆದುಕೊಳ್ಳುವ ಬೆಳೆ ತೊಗರಿ. ಮುಂಗಾರಿಗೆ ಬಿತ್ತಿದ್ದು ಕಟಾವಾಗುವುದು ಡಿಸೆಂಬರ್-ಜನವರಿಗೆ. ಅಷ್ಟರಲ್ಲಿ ಮೊಜಾಂಬಿಕ್‌ನಿಂದಲೋ ಮ್ಯಾನ್ಮಾರ್‌ನಿಂದಲೋ ಹಡಗು ಬಂದು ದರ ಬದಲಾಗಬಹುದು. ಅದು ರೈತನ ನಿರೀಕ್ಷೆಯ ಪ್ರಶ್ನೆಯಷ್ಟೇ ಅಲ್ಲ, ಆಯ್ಕೆಯ ಪ್ರಶ್ನೆ. ಆ ಸಂಜೆ ಮನೆಗೆ ಹೋಗಿ ಮ್ಯೂತ್‌ನ ಲೇಖನವನ್ನು ಮತ್ತೆ ಓದಿದೆ. ಪಿಎಚ್‌.ಡಿ.ಯಲ್ಲಿ ಉಲ್ಲೇಖಕ್ಕಾಗಿ ಓದಿದ್ದನ್ನು ಈಗ ಉತ್ತರಕ್ಕಾಗಿ ಓದುತ್ತಿದ್ದೆ. ನಾನೀಗ ಮಾಡುತ್ತಿರುವ ಸಂಶೋಧನೆ ಆ ಪ್ರಶ್ನೆಯಿಂದಲೇ ಹುಟ್ಟಿದ್ದು. ನೀರಾವರಿ ಇರುವ ಊರಲ್ಲೂ ಇಲ್ಲದ ಊರಲ್ಲೂ ದರ ಬಿದ್ದ ಮರುವರ್ಷ ಯಾರು ತೊಗರಿ ಬಿಡುತ್ತಾರೆ, ಯಾರು ಬಿಡಲಾರರು ಎಂದು ನೋಡುತ್ತಿದ್ದೇನೆ.

ಸಂಶೋಧನೆ ಒಂದು ಕಡೆ, ಪಾಠ ಇನ್ನೊಂದು ಕಡೆ ಎಂದು ನನಗೆ ಹೇಳಿಕೊಟ್ಟಿದ್ದರು. ‘ಪಾಠಕ್ಕೆ ಜಾಸ್ತಿ ಹೊತ್ತು ಹಾಕಬೇಡ, ಪೇಪರ್ ಮಾಡು’ ಎಂಬ ಬುದ್ಧಿಮಾತು ಹಿತೈಷಿಗಳಿಂದಲೇ ಬರುತ್ತದೆ. ಆ ಮಾತನ್ನು ಪೂರ್ತಿ ತಳ್ಳಿಹಾಕುವ ಧೈರ್ಯ ಯಾವ ಹೊಸಬನಿಗೂ ಇರುವುದಿಲ್ಲ, ಏಕೆಂದರೆ ಬಡ್ತಿಯ ನಮೂನೆಯಲ್ಲಿ ಪೇಪರ್‌ಗೆ ಕಾಲಂ ಇದೆ. ಅದರ ನೆರಳಲ್ಲಿ ಬೆಳೆದದ್ದು ದುಡ್ಡು ತೆಗೆದುಕೊಂಡು ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳ ವ್ಯಾಪಾರ. ಅವರ ವಾಟ್ಸ್‌ಆ್ಯಪ್ ಸಂದೇಶ ತಪ್ಪಿದ ದಿನವಿಲ್ಲ. ಅದನ್ನು ತಡೆಯಲೆಂದು ಯುಜಿಸಿ 2018ರಲ್ಲಿ ಒಪ್ಪಿತ ಪತ್ರಿಕೆಗಳ ಕೇರ್ ಪಟ್ಟಿಯ ಕೆಲಸ ಹಿಡಿಯಿತು, 2025ರಲ್ಲಿ ಕೈಬಿಟ್ಟಿತು. ಈಗ ಪತ್ರಿಕೆಯ ಗುಣ ಅಳೆಯುವ ಹೊಣೆ ಆಯಾ ಸಂಸ್ಥೆಯದು. ನಾನು ಇಟ್ಟುಕೊಂಡ ಅಳತೆ ಸರಳ: ವಿಮರ್ಶಕರ ಷರಾ ಕಳಿಸದ ಪತ್ರಿಕೆಗೆ ಲೇಖನ ಕಳಿಸುವುದಿಲ್ಲ. ಅದರಿಂದ ಪ್ರಕಟಣೆ ನಿಧಾನವಾಗುತ್ತದೆ. ಆಗಲಿ.

ಅತಿಥಿ ಉಪನ್ಯಾಸಕರ ವಿಷಯ ಹೇಳದೆ ಈ ಲೇಖನ ಮುಗಿಯದು. ನಮ್ಮ ವಿಭಾಗದಲ್ಲಿ ಕಾಯಂ ಇರುವವರಿಗಿಂತ ಅವರೇ ಹೆಚ್ಚು. ಪಕ್ಕದ ಕೊಠಡಿಯಲ್ಲಿ ಸಂಖ್ಯಾಶಾಸ್ತ್ರ ಹೇಳುವ ಗೆಳೆಯ ನನಗಿಂತ ಚೆನ್ನಾಗಿ ಹೇಳುತ್ತಾನೆ, ನೆಟ್ ನನಗಿಂತ ಮೊದಲು ಪಾಸಾದವನು. ಯುಜಿಸಿ 2019ರಲ್ಲಿ ಅತಿಥಿ ಬೋಧಕರಿಗೆ ತರಗತಿಯೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ಎಂದು ಹೇಳಿತು. ಅಷ್ಟು ಕೈಗೆ ಬರುವ ಕಡೆ ಕೆಲಸ ಮಾಡುವ ಅದೃಷ್ಟ ನನಗಿರಲಿಲ್ಲ, ಅವನಿಗೂ ಇಲ್ಲ. ಮೊತ್ತದ ಪ್ರಶ್ನೆ ಹಾಗಿರಲಿ, ಲೆಕ್ಕ ಹಾಕುವ ರೀತಿಯೇ ನೋಡಿ: ತರಗತಿಯೊಂದಕ್ಕೆ ಇಷ್ಟು. ಹಿಂದಿನ ರಾತ್ರಿಯ ನಾಲ್ಕು ಗಂಟೆಗೆ, ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳುವವರಿಗೆ ಕೊಟ್ಟ ಅರ್ಧ ಗಂಟೆಗೆ ಏನೂ ಇಲ್ಲ. ಹೀಗಿದ್ದೂ ಅವನು ತಯಾರಿ ಮಾಡಿಕೊಂಡೇ ಬರುತ್ತಾನೆ. ವ್ಯವಸ್ಥೆ ನಿಂತಿರುವುದು ಇಂಥವರ ಪುಕ್ಕಟೆ ರಾತ್ರಿಗಳ ಮೇಲೆ ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಹೇಳಬಲ್ಲೆ.

ಕಾಯಂ ಆದವರ ಲೆಕ್ಕದಲ್ಲೂ ಇದೇ ಕುರುಡು. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ವಾರಕ್ಕೆ ಒಟ್ಟು ಕೆಲಸ 40 ಗಂಟೆ. ಅದರಲ್ಲಿ ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರಿಗೆ ಮತ್ತು ಪ್ರಾಧ್ಯಾಪಕರಿಗೆ 14. ಒಂದೇ ಪತ್ರಿಕೆಯನ್ನು ಹತ್ತಾರು ವರ್ಷ ಹೇಳಿ ಕೈಪಳಗಿದವರಿಗೆ ಕಡಿಮೆ, ಪ್ರತಿ ಪಾಠವನ್ನೂ ಮೊದಲ ಸಲ ಕಟ್ಟಬೇಕಾದವರಿಗೆ ಹೆಚ್ಚು. ಹಿರಿಯರಿಗೆ ಪಿಎಚ್‌.ಡಿ. ಮಾರ್ಗದರ್ಶನ, ಆಡಳಿತ ಇರುತ್ತವೆ ಎಂಬ ಸಮಜಾಯಿಷಿ ಒಪ್ಪತಕ್ಕದ್ದೇ. ಆದರೂ ಮೊದಲೆರಡು ವರ್ಷಗಳ ಮಟ್ಟಿಗೆ ಈ ಲೆಕ್ಕ ತಲೆಕೆಳಗಾಗಿದೆ.

ನಿಯಮ ಬದಲಾಗುವವರೆಗೆ ಕಾಯಬೇಕಿಲ್ಲ, ವೇಳಾಪಟ್ಟಿ ಬರೆಯುವುದು ವಿಭಾಗದ ಒಳಗೇ. ವಿಭಾಗದ ಮುಖ್ಯಸ್ಥರಲ್ಲಿ ನನ್ನ ವಿನಂತಿ ಇಷ್ಟು: ಹೊಸಬರಿಗೆ ನಾಲ್ಕು ಬೇರೆ ಬೇರೆ ಪತ್ರಿಕೆ ಹಂಚುವ ಬದಲು ಎರಡೇ ಪತ್ರಿಕೆ ಕೊಟ್ಟು, ಉಳಿದ ಗಂಟೆಗಳನ್ನು ಅವುಗಳದ್ದೇ ಟ್ಯುಟೋರಿಯಲ್, ಸೆಮಿನಾರುಗಳಿಂದ ತುಂಬಿ. ಮರುವರ್ಷವೂ ಅವೇ ಪತ್ರಿಕೆಗಳನ್ನು ಅವರ ಬಳಿ ಬಿಡಿ. ಸಮಿತಿಗಳಿಗೆ ಅವರ ಹೆಸರು ಬರೆಯುವುದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.