ಮರಳುನಾಡಿನಲ್ಲಿ ದಿನಕ್ಕೊಂದು ದಿಕ್ಕು: ಜೈಸಲ್ಮೇರಿನ ಚಳಿಗಾಲಕ್ಕೆ ಹನ್ನೊಂದು ಸೂತ್ರಗಳು

ನಮ್ಮ ಕಡೆಯಿಂದ ರಾಜಸ್ಥಾನಕ್ಕೆ ಹೋಗುವವರು ಜೈಸಲ್ಮೇರಿಗೆ ಕೊಡುವುದು ಒಂದೇ ರಾತ್ರಿ. ಮಧ್ಯಾಹ್ನ ಬಂದಿಳಿದು, ಸಂಜೆ ಸಮ್ ದಿಬ್ಬಗಳಲ್ಲಿ ಒಂಟೆ ಏರಿ, ರಾತ್ರಿ ಟೆಂಟಿನ ಮುಂದೆ ಕುಣಿತ ನೋಡಿ, ಬೆಳಗಾದರೆ ಜೋಧಪುರದ ದಾರಿ ಹಿಡಿಯುತ್ತಾರೆ. ನಾನೂ ಮೊದಲ ಸಲ ಹಾಗೇ ಹೋಗಿ ಬಂದವನು. ಆಮೇಲೆ ಎರಡು ಚಳಿಗಾಲ ಅಲ್ಲೇ ಹತ್ತು ಹನ್ನೆರಡು ದಿನ ತಂಗಿ, ದಿನವೂ ಬೆಳಿಗ್ಗೆ ಒಂದೊಂದು ಕಡೆ ಹೊರಟು ಸಂಜೆಗೆ ಮರಳಿದ ಮೇಲೆ ಥಾರ್ ಮರುಭೂಮಿ ನನಗೆ ನಿಜವಾಗಿ ಕಂಡಿತು. ಹಾಗೆ ಸುತ್ತಾಡುವವರಿಗೆ ಉಪಯೋಗಕ್ಕೆ ಬರುವ ಕೆಲವು ಮಾತುಗಳು ಇಲ್ಲಿವೆ.

1. ಒಂದೇ ಊರಲ್ಲಿ ಬೀಡು ಬಿಡಿ

ನವೆಂಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗೆ ಒಳ್ಳೆಯ ಕಾಲ. ಕಡಿಮೆಯೆಂದರೆ ಏಳು ದಿನ ಇಟ್ಟುಕೊಳ್ಳಿ. ಜೈಸಲ್ಮೇರ್ ಜಿಲ್ಲೆಯೊಂದೇ 38,000 ಚದರ ಕಿಲೋಮೀಟರಿಗೂ ದೊಡ್ಡದು, ಅಂದರೆ ಹೆಚ್ಚುಕಡಿಮೆ ಕರ್ನಾಟಕದ ಐದನೇ ಒಂದು ಭಾಗ. ದಿನಕ್ಕೊಂದು ಊರಲ್ಲಿ ರೂಮು ಹಿಡಿದು ಪೆಟ್ಟಿಗೆ ಕಟ್ಟುತ್ತಾ ಬಿಚ್ಚುತ್ತಾ ಇಷ್ಟು ದೊಡ್ಡ ಸೀಮೆಯನ್ನು ನೋಡಲಾಗದು.

ಉಳಿಯುವುದು ಕೋಟೆಯ ಹೊರಗಿರಲಿ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಈ ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದಾರೆ. 2013ರಿಂದ ಅದು ವಿಶ್ವ ಪರಂಪರೆಯ ತಾಣ. ಆದರೆ ಮಳೆಯೇ ಕಾಣದ ನಾಡಿನ ಕೋಟೆಗೆ ಈಗ ದಿನವೂ ಕೊಳಾಯಿ ನೀರು ಬರುತ್ತದೆ. ಬಚ್ಚಲಿನಿಂದ ಬಸಿದ ನೀರು ಗುಡ್ಡದ ಮೆತುಮಣ್ಣಿಗೆ ಇಳಿದು ಅಡಿಪಾಯ ಸಡಿಲವಾಗಿದೆ, ಬುರುಜುಗಳು ಕುಸಿದದ್ದೂ ಉಂಟು. ಕೋಟೆಯನ್ನು ಹಗಲೆಲ್ಲ ಮನದಣಿಯೆ ನೋಡಿ. ಸ್ನಾನಕ್ಕೂ ನಿದ್ದೆಗೂ ಕೆಳಗಿಳಿದು ಬನ್ನಿ.

2. ದಿನಕ್ಕೆ ಒಂದೇ ದಿಕ್ಕು

ಮಿಕ್ಕ ಸೂತ್ರಗಳೆಲ್ಲ ಇದರ ಹಿಂದೆ ಬರುತ್ತವೆ. ಪಶ್ಚಿಮಕ್ಕೆ ಕುಲಧರಾ ಮತ್ತು ಸಮ್. ವಾಯವ್ಯಕ್ಕೆ ರಾಮಗಢ, ತನೋಟ್, ಲೋಂಗೇವಾಲಾ. ಪೂರ್ವಕ್ಕೆ ಪೋಖ್ರಣ್, ರಾಮದೇವರಾ, ಅದಕ್ಕೂ ಆಚೆ ಖೀಚನ್. ದಕ್ಷಿಣಕ್ಕೆ ಅಕಲ್ ಮತ್ತು ಖುರಿ. ಎರಡು ದಿಕ್ಕನ್ನು ಒಂದೇ ದಿನಕ್ಕೆ ಸೇರಿಸಿದರೆ ಕಾರಿನ ಕಿಟಕಿ ಬಿಟ್ಟು ಬೇರೇನೂ ನೆನಪಿನಲ್ಲಿ ಉಳಿಯುವುದಿಲ್ಲ. ಒಂದು ದೂರದ ದಿನವಾದರೆ ಮರುದಿನ ಹತ್ತಿರದ್ದು ಇಟ್ಟುಕೊಳ್ಳಿ. ವಯಸ್ಸಾದವರು ಜೊತೆಗಿದ್ದರಂತೂ ಇದನ್ನು ತಪ್ಪಿಸಲೇಬೇಡಿ.

3. ಬೆಳಕಿನ ಲೆಕ್ಕ ಹಾಕಿ

ದೇಶದ ಪಶ್ಚಿಮದ ಅಂಚಿನಲ್ಲಿರುವ ಊರಿದು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಮೂಡುವಾಗ ಗಡಿಯಾರದಲ್ಲಿ ಏಳೂವರೆ. ಸಂಜೆ ಆರಕ್ಕೆ ಮುಳುಗುತ್ತಾನೆ. ಕೈಗೆ ಸಿಗುವುದು ಹತ್ತೂವರೆ ಗಂಟೆ ಬೆಳಕು. ಹಗಲು 23, 24 ಡಿಗ್ರಿಯ ಹಿತವಾದ ಬಿಸಿಲು. ರಾತ್ರಿ ಏಳೆಂಟು ಡಿಗ್ರಿಗೆ, ಕೆಲವೊಮ್ಮೆ ಇನ್ನೂ ಕೆಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಸ್ವೆಟರ್, ಟೋಪಿ, ಮಫ್ಲರ್ ಎಲ್ಲ ಹಾಕಿ ಹೊರಟು, ಹನ್ನೊಂದರ ಹೊತ್ತಿಗೆ ಒಂದೊಂದಾಗಿ ಕಳಚಿ, ಐದರ ಮೇಲೆ ಮತ್ತೆ ಒಂದೊಂದಾಗಿ ಏರಿಸಿಕೊಳ್ಳುವುದು ಇಲ್ಲಿನ ದಿನಚರಿ. ಒಂದೇ ದಪ್ಪ ಕೋಟಿಗಿಂತ ಮೂರು ತೆಳು ಪದರ ವಾಸಿ.

4. ದಿಬ್ಬಕ್ಕೆ ಸಂಜೆಯಲ್ಲ, ಬೆಳಿಗ್ಗೆ ಹೋಗಿ

ಸಮ್ ಊರಿಂದ ಸುಮಾರು 40 ಕಿಲೋಮೀಟರ್. ಸಂಜೆ ಅಲ್ಲಿ ಜಾತ್ರೆ. ಸಾವಿರಾರು ಹೆಜ್ಜೆ, ಒಂಟೆ ಪಾದ, ಜೀಪಿನ ಗಾಲಿ ಓಡಾಡಿ ಮರಳು ಹೊಸಕಿದ ಹಿಟ್ಟಿನಂತಾಗಿರುತ್ತದೆ. ರಾತ್ರಿಯ ಗಾಳಿ ಅದನ್ನೆಲ್ಲ ಅಳಿಸಿ ಹೊಸದಾಗಿ ಬರೆಯುತ್ತದೆ. ಏಳೂವರೆಗೆ ದಿಬ್ಬದ ಮೇಲಿದ್ದರೆ ಆ ಬರಹ ನಿಮ್ಮ ಕಣ್ಣಿಗೇ ಮೊದಲು ಬೀಳುತ್ತದೆ.

ಕೂತು ನೋಡಿ. ಬಿಸಿಲು ಅಡ್ಡಲಾಗಿ ಬೀಳುವಾಗ ಬೆರಳಗಲದ ಅಲೆಗಳು ಒಂದರ ಹಿಂದೊಂದು ಎದ್ದು ನಿಲ್ಲುತ್ತವೆ. ಒಂದು ಬದಿ ಹೊನ್ನು, ಇನ್ನೊಂದು ಬದಿ ನೀಲಿ ನೆರಳು. ಅವುಗಳ ಮೇಲೆ ಹೊಲಿಗೆ ಹಾಕಿದಂತೆ ಎರಡು ಸಾಲು ಚುಕ್ಕೆ: ರಾತ್ರಿ ನಡೆದು ಹೋದ ಜೀರುಂಡೆಯ ಜಾಡು. ಒಂದು ಬೆಳಿಗ್ಗೆ ನಾನು ಅಂಥ ಒಂದು ಜಾಡಿನ ಪಕ್ಕದಲ್ಲೇ ನಡೆದೆ. ಮೂವತ್ತು ಹೆಜ್ಜೆ ಹೋದ ಮೇಲೆ ಅದು ಒಂದು ಒಣ ಹುಲ್ಲಿನ ಬುಡದಲ್ಲಿ, ಕಡಲೆಕಾಳಿನಷ್ಟು ಗೂಡಿನ ಬಾಯಲ್ಲಿ ಮುಗಿದಿತ್ತು.

ಏರುವಾಗ ಒಂದು ಉಪಾಯ ನೆನಪಿರಲಿ. ದಿಬ್ಬಕ್ಕೆ ಗಾಳಿ ಬೀಸಿ ಬರುವ ಬದಿ ಓರೆಯಾಗಿ, ಗಟ್ಟಿಯಾಗಿ ಇರುತ್ತದೆ. ಆಚೆ ಬದಿ ಕಡಿದಾಗಿ, ಸಡಿಲವಾಗಿ ಇರುತ್ತದೆ. ಓರೆ ಬದಿಯಿಂದ ಏರಿ, ಕಡಿದಾದ ಬದಿಯಲ್ಲಿ ಜಾರಿಕೊಂಡು ಇಳಿಯಿರಿ. ಮೊಣಕಾಲು ನಿಮ್ಮನ್ನು ಹರಸುತ್ತದೆ. ಇನ್ನೂ ನಿಶ್ಶಬ್ದ ಬೇಕಾದರೆ ಖುರಿಯ ದಿಬ್ಬಗಳಿಗೆ ಹೋಗಿ.

5. ನೀರಿನ ಜಾಡು ಹಿಡಿಯಿರಿ

ಮರುಭೂಮಿಯೆಂದರೆ ಮರಳು ಎಂದುಕೊಂಡು ಬರುತ್ತೇವೆ. ಈ ನಾಡಿನ ನಿಜವಾದ ಕಥೆ ಇರುವುದು ನೀರಿನಲ್ಲಿ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರಿಗೂ ಕಡಿಮೆ. ಅಷ್ಟು ಮಳೆ ನಮ್ಮ ಆಗುಂಬೆಯಲ್ಲಿ ಒಂದೇ ದಿನದಲ್ಲಿ ಬಿದ್ದದ್ದುಂಟು. ಅಷ್ಟರಲ್ಲೇ ಜನ ಊರು ಕಟ್ಟಿದರು, ಗೋಧಿ ಬೆಳೆದರು.

ಕುಲಧರಾ ನೋಡಲು ಹೋಗುವ ದಿನ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪಾಲಿವಾಲ್ ಬ್ರಾಹ್ಮಣರ 84 ಹಳ್ಳಿಗಳಲ್ಲಿ ಇದೊಂದು. 19ನೇ ಶತಮಾನದ ಮೊದಲ ಭಾಗದಲ್ಲಿ ಬರಿದಾಯಿತು. ದಿವಾನ ಸಾಲಿಮ್ ಸಿಂಗನ ಕಾಟಕ್ಕೆ ಬೇಸತ್ತು ಎಲ್ಲರೂ ಒಂದೇ ರಾತ್ರಿ ಊರು ಬಿಟ್ಟರು, ಹೋಗುವಾಗ ಶಾಪ ಕೊಟ್ಟರು ಎಂಬ ಕಥೆಯನ್ನು ಪ್ರತಿಯೊಬ್ಬ ಗೈಡೂ ಹೇಳುತ್ತಾನೆ. ಬಾವಿ ಬತ್ತಿದ್ದು, ತೆರಿಗೆ ಏರಿದ್ದು, ಭೂಕಂಪ ಹೀಗೆ ಬೇರೆ ಕಾರಣಗಳನ್ನು ಹುಡುಕಿದ ವಿದ್ವಾಂಸರೂ ಇದ್ದಾರೆ. ದೆವ್ವದ ಊರು ಎಂದು ವಿಡಿಯೋ ಮಾಡಲು ಬರುವವರನ್ನು ಕಂಡರೆ ನನಗೆ ನೋವಾಗುತ್ತದೆ. ಈ ಜನ ಬಿಟ್ಟುಹೋದದ್ದು ಬೇಸಾಯದ ಒಂದು ದೊಡ್ಡ ವಿದ್ಯೆ.

ಅದರ ಹೆಸರು ಖಡೀನ್. ಕಲ್ಲುನೆಲದ ಇಳಿಜಾರಿನ ತುದಿಯಲ್ಲಿ ಉದ್ದಕ್ಕೆ ಒಂದು ಮಣ್ಣಿನ ಒಡ್ಡು. ಸುತ್ತಲಿನ ಕಲ್ಲುನೆಲದ ಮೇಲೆ ಬಿದ್ದ ಮಳೆಯೆಲ್ಲ ಹರಿದು ಬಂದು ಒಡ್ಡಿನ ಹಿಂದೆ ನಿಂತು ನೆಲಕ್ಕೆ ಇಂಗುತ್ತದೆ. ನೀರು ಇಳಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಮತ್ತೆ ನೀರು ಕಟ್ಟುವ ಮಾತೇ ಇಲ್ಲ. ವಿಜಯಪುರದ ಎರೆ ಹೊಲದ ಒಡ್ಡು ನೋಡಿ, ಬರೀ ಮಣ್ಣಿನ ಹಸಿಯಲ್ಲಿ ಹಿಂಗಾರಿ ಜೋಳ ಬೆಳೆಯುವುದನ್ನು ಬಲ್ಲವರಿಗೆ ಈ ಲೆಕ್ಕ ತಟ್ಟನೆ ತಿಳಿಯುತ್ತದೆ. ಜನವರಿಯಲ್ಲಿ ಹೋದರೆ, ಮಳೆ ಚೆನ್ನಾಗಿ ಆದ ವರ್ಷ, ಬೂದುಬಣ್ಣದ ನೆಲದ ನಡುವೆ ಇದ್ದಕ್ಕಿದ್ದಂತೆ ಹಸುರಿನ ಒಂದು ತಟ್ಟೆ ಕಾಣಿಸುತ್ತದೆ. ಡ್ರೈವರಿಗೆ "ಖಡೀನ್ ತೋರಿಸಿ ಭಾಯಿ ಸಾ" ಎಂದು ಕೇಳಿ. ನಮ್ಮ ಡ್ರೈವರ್ ಆ ಮಾತಿಗೆ ಹಿಗ್ಗಿ, ತಮ್ಮ ಮಾವನ ಹೊಲಕ್ಕೇ ಕರೆದೊಯ್ದರು. ಒಡ್ಡಿನ ಮೇಲೆ ನಿಂತಾಗ ಕಾಲ ಕೆಳಗೆ ಒಂದು ಕಡೆ ಬಿರಿದ ಕಲ್ಲು, ಇನ್ನೊಂದು ಕಡೆ ಮೊಣಕಾಲುದ್ದದ ಗೋಧಿ.

ಊರೊಳಗಿನ ಗಡೀಸರ್ ಕೆರೆಯನ್ನೂ ಇದೇ ಕಣ್ಣಿನಿಂದ ನೋಡಿ. ಶತಮಾನಗಳ ಕಾಲ ಊರಿಗೆಲ್ಲ ಕುಡಿಯುವ ನೀರು ಕೊಟ್ಟದ್ದು ಅದು.

6. ಗಡಿಯ ದಾರಿಗೆ ಒಂದು ಪೂರ್ತಿ ದಿನ

ರಾಮಗಢ, ತನೋಟ್, ಲೋಂಗೇವಾಲಾ ಸುತ್ತಿ ಬರುವುದು ಹತ್ತಿರ ಹತ್ತಿರ 280 ಕಿಲೋಮೀಟರ್. ರಸ್ತೆ ಚೆನ್ನಾಗಿದೆ. ಮೊದಲು ಗಾಳಿಯಂತ್ರಗಳ ಸಾಲು, ಆಮೇಲೆ ಇಂದಿರಾ ಗಾಂಧಿ ಕಾಲುವೆ. ಪಂಜಾಬಿನ ಹರೀಕೆಯಿಂದ 600 ಕಿಲೋಮೀಟರಿಗೂ ಹೆಚ್ಚು ಹರಿದು ಬಂದ ಸಟ್ಲೆಜ್, ಬಿಯಾಸ್ ನೀರನ್ನು ಮರಳಿನ ನಡುವೆ ಕಂಡಾಗ ಗಾಡಿ ನಿಲ್ಲಿಸದೆ ಮುಂದೆ ಹೋಗಬೇಡಿ.

ತನೋಟ್ ಮಾತೆಯ ಗುಡಿಯನ್ನು ನೋಡಿಕೊಳ್ಳುವುದು ಗಡಿ ಭದ್ರತಾ ಪಡೆ. 1965ರ ಯುದ್ಧದಲ್ಲಿ ಗುಡಿಯ ಸುತ್ತ ಬಿದ್ದು ಸಿಡಿಯದೆ ಉಳಿದ ಶೆಲ್ಲುಗಳನ್ನು ಒಳಗೆ ಇಟ್ಟಿದ್ದಾರೆ. ಆರತಿ ಎತ್ತುವವರೂ ಯೋಧರೇ. ಲೋಂಗೇವಾಲಾದಲ್ಲಿ 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಮತ್ತು ಸುಮಾರು 120 ಯೋಧರು ಪಾಕಿಸ್ತಾನದ ಟ್ಯಾಂಕುಗಳ ದೊಡ್ಡ ದಂಡನ್ನು ಬೆಳಗಿನ ತನಕ ತಡೆದು ನಿಂತರು. ಬೆಳಕಾದ ಮೇಲೆ ಜೈಸಲ್ಮೇರಿನಿಂದ ಹಂಟರ್ ವಿಮಾನಗಳು ಬಂದವು. ಈ ಕಾಳಗದ ಕಥೆಯ "ಬಾರ್ಡರ್" ಸಿನಿಮಾ ನೋಡಿ ಬಂದವರು ಅಲ್ಲಿ ಹತ್ತು ನಿಮಿಷ ಸುಮ್ಮನೆ ನಿಲ್ಲಬೇಕು. ಆ ಬಯಲಿನಲ್ಲಿ ಅಡಗಲು ಒಂದು ಮರವೂ ಇಲ್ಲ.

ಗುರುತಿನ ಚೀಟಿ ಜೊತೆಗಿರಲಿ. ತನೋಟ್ ದಾಟಿ ಗಡಿಯ ಕಂಬದವರೆಗೆ ಹೋಗಲು ಅನುಮತಿ ಬೇಕು. ಹೊರಡುವ ಮೊದಲೇ ವಿಚಾರಿಸಿ. ಪೆಟ್ರೋಲು, ನೀರು, ಊಟ ಮೂರನ್ನೂ ರಾಮಗಢದಲ್ಲೇ ಮುಗಿಸಿ.

7. ಕತ್ತಲಾಗುವ ಮೊದಲು ಹಿಂತಿರುಗಿ

ಒಂದು ವರ್ಷ ಲೋಂಗೇವಾಲಾದಿಂದ ತಡವಾಗಿ ಹೊರಟೆವು. ರಾಮಗಢದ ಹತ್ತಿರ ಕತ್ತಲಾಯಿತು. ಹೆಡ್‌ಲೈಟಿನ ಬೆಳಕಿನಲ್ಲಿ ರಸ್ತೆಯ ನಡುವೆ ನಾಲ್ಕು ಉದ್ದನೆಯ ಕೋಲು ನಿಂತಂತೆ ಕಂಡಿತು. ಒಂಟೆಯ ಕಾಲುಗಳು. ಮೈ ಬೆಳಕಿಗಿಂತ ಮೇಲಿತ್ತು, ಕಾಣಲೇ ಇಲ್ಲ. ಗಾಡಿ ನಿಂತದ್ದು ಐದಾರು ಅಡಿ ಈಚೆಗೆ. ಅಂದಿನಿಂದ ನಾಲ್ಕು ಗಂಟೆಗೆ ಎಲ್ಲಿದ್ದರೂ ಮುಖ ಊರ ಕಡೆ.

8. ಖೀಚನ್‌ಗೆ ಹೋಗದೆ ಬರಬೇಡಿ

ಪೂರ್ವಕ್ಕೆ ಸುಮಾರು 170 ಕಿಲೋಮೀಟರ್, ಫಲೋದಿಯ ಪಕ್ಕದ ಹಳ್ಳಿ. ಮಂಗೋಲಿಯಾ, ಮಧ್ಯ ಏಷ್ಯಾದ ಕಡೆಯಿಂದ ಹಿಮಾಲಯ ದಾಟಿ ಬರುವ ಬೂದು ಮೈಯ, ಕಪ್ಪು ಕೊರಳಿನ ಕೊಕ್ಕರೆಗಳು ಇಲ್ಲಿ ಸಾವಿರಗಟ್ಟಲೆ ಚಳಿಗಾಲ ಕಳೆಯುತ್ತವೆ. ಊರಿನವರು ಅವನ್ನು ಕುರ್ಜಾ ಎನ್ನುತ್ತಾರೆ. ಹಳ್ಳಿಯ ಜನ ತಲೆಮಾರುಗಳಿಂದ ಬೇಲಿ ಕಟ್ಟಿದ ಅಂಗಳದಲ್ಲಿ ದಿನವೂ ಕಾಳು ಚೆಲ್ಲುತ್ತಾರೆ. ಮುಂಜಾನೆ ಕಾಳು ತಿಂದ ಹಕ್ಕಿಗಳು ಬಿಸಿಲೇರಿದ ಮೇಲೆ ಕೆರೆಗೆ ನೀರಿಗಿಳಿಯುತ್ತವೆ. ಹಾಗಾಗಿ ಜೈಸಲ್ಮೇರಿನಿಂದ ಆರಕ್ಕೆ ಹೊರಟರೂ ನಷ್ಟವಿಲ್ಲ. ಹತ್ತರ ಹೊತ್ತಿಗೆ ಕೆರೆ ದಂಡೆಯಲ್ಲಿ ಕೂತಿರಿ. ಮೊದಲು ಕೇಳುವುದು ಕೂಗು, ಆಮೇಲೆ ಆಕಾಶದಲ್ಲಿ ಗೆರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಕಂಡವರಿಗೆ ಈ ಸಡಗರ ಗೊತ್ತು. ಮಾಗಡಿ 2024ರಲ್ಲಿ ಜೌಗುನೆಲೆಗಳ ರಾಮ್ಸರ್ ಪಟ್ಟಿ ಸೇರಿತು, ಖೀಚನ್ 2025ರಲ್ಲಿ.

9. ಅಕಲ್‌ಗೆ ಅರ್ಧ ದಿನ ಸಾಕು

ಬಾರ್ಮೇರ್ ರಸ್ತೆಯಲ್ಲಿ 17 ಕಿಲೋಮೀಟರ್. 18 ಕೋಟಿ ವರ್ಷ ಹಿಂದಿನ ಕಾಡಿನ ಮರಗಳು ಕಲ್ಲಾಗಿ ಮಲಗಿವೆ. ಮುಟ್ಟಿದರೆ ಕಲ್ಲು, ನೋಡಿದರೆ ತೊಗಟೆ. ಒಂದು ಚೂರನ್ನೂ ಜೇಬಿಗೆ ಹಾಕಬೇಡಿ.

10. ಅಲ್ಲಿಯದನ್ನೇ ತಿನ್ನಿ, ಅಲ್ಲಿಯದನ್ನೇ ಕೇಳಿ

ಇಡ್ಲಿ ಹುಡುಕಿಕೊಂಡು ಅಲೆಯಬೇಡಿ. ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಕೇರ್ ಸಾಂಗ್ರಿ ಪಲ್ಯ, ಮಜ್ಜಿಗೆ ಕೇಳಿ. ಉತ್ತರ ಕರ್ನಾಟಕದವರಿಗೆ ಮನೆಯ ಊಟವೇ ಆದೀತು. ಸಾಂಗ್ರಿ ಎಂದರೆ ಖೇಜ್ರಿ ಮರದ ಕಾಯಿ. ಖೇಜ್ರಿ ಮತ್ಯಾವುದೂ ಅಲ್ಲ, ವಿಜಯದಶಮಿಯಂದು ನಾವು ಪೂಜಿಸಿ ಬಂಗಾರವೆಂದು ಹಂಚಿಕೊಳ್ಳುವ ಬನ್ನಿ. ಇಲ್ಲಿ ಅದರ ಎಲೆ ಆಡಿಗೆ, ಕಾಯಿ ಮನುಷ್ಯರಿಗೆ, ನೆರಳು ಎಲ್ಲರಿಗೆ. 1730ರಲ್ಲಿ ಜೋಧಪುರದ ಬಳಿಯ ಖೇಜಡ್ಲಿಯಲ್ಲಿ ಈ ಮರವನ್ನು ಕಡಿಯಲು ಬಿಡದೆ ತಬ್ಬಿ ಅಮೃತಾ ದೇವಿಯೂ ಸೇರಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಅದನ್ನು ತಿಳಿದು ತಿಂದರೆ ತುತ್ತಿಗೆ ಬೇರೆಯೇ ರುಚಿ.

ಒಂದು ಸಂಜೆ ಮಾಂಗಣಿಯಾರರ ಹಾಡಿಗೆ ಮೀಸಲಿಡಿ. ಮುಸಲ್ಮಾನರಾದ ಇವರು ಹಿಂದೂ ಯಜಮಾನರ ಮನೆಯ ಮದುವೆ, ತೊಟ್ಟಿಲುಗಳಿಗೆ ತಲೆಮಾರುಗಳಿಂದ ಹಾಡುತ್ತಾ ಬಂದವರು. ಮೈಕು, ಸಿನಿಮಾ ಹಾಡು ಬೇಡ, ಕಮಾಯಚಾ ವಾದ್ಯ ನುಡಿಸಿ ಎಂದು ಮುಂಚೆಯೇ ಹೇಳಿ. ಹಣವನ್ನು ಹಾಡಿದವರ ಕೈಗೇ ಕೊಡಿ.

11. ರಸ್ತೆ ಬಿಟ್ಟು ಗಾಡಿ ಇಳಿಸಬೇಡಿ

ಸಮ್ ಆಚೀಚೆಯ ಹುಲ್ಲುಗಾವಲು 3,162 ಚದರ ಕಿಲೋಮೀಟರಿನ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಬೋಳು ಎಂದು ನಮಗೆ ಕಾಣುವ ಆ ನೆಲದಲ್ಲಿ ಸೇವಣ್ ಹುಲ್ಲಿದೆ. ಅದರ ನಡುವೆ ಗೋದಾವಣ್ ಇದೆ, ಬಳ್ಳಾರಿ ಸೀಮೆಯವರು ಎರೆಭೂತ ಎಂದು ಕರೆಯುವ ಅದೇ ಎತ್ತರದ ಹಕ್ಕಿ. ನಮ್ಮ ಸಿರುಗುಪ್ಪದ ಹೊಲಗಳಲ್ಲಿ ಅದು ಬೆರಳೆಣಿಕೆಗೆ ಇಳಿದಿದೆ. ಇಡೀ ದೇಶದಲ್ಲಿ ಉಳಿದಿರುವುದು ಇನ್ನೂರಕ್ಕೂ ಕಡಿಮೆ, ಅದರಲ್ಲಿ ಬಹುಪಾಲು ಇಲ್ಲಿಯೇ. ತುಂಬಾ ತೂಕದ ಈ ಹಕ್ಕಿ ಎದುರಿಗಿನ ವಿದ್ಯುತ್ ತಂತಿ ಕಾಣದೆ ಬಡಿದು ಸಾಯುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಬರೀ ನೆಲದ ಮೇಲೆ.

ದಿಬ್ಬ ಹಾರಿಸುವ ಜೀಪಿನವರು ಕರೆದರೆ ಬೇಡವೆನ್ನಿ. ಹುಲ್ಲಿನ ಮೇಲೆ ಗಾಲಿ ಹರಿಸಬೇಡಿ, ಪ್ಲಾಸ್ಟಿಕ್ ಬಾಟಲಿ ಊರಿಗೆ ವಾಪಸು ತನ್ನಿ. ಉದ್ಯಾನದೊಳಗಿನ ಸುದಾಸರಿಯ ಬೇಲಿಯ ಹತ್ತಿರ ಅನುಮತಿ ಪಡೆದು, ದುರ್ಬೀನು ಹಿಡಿದು, ಮಾತಿಲ್ಲದೆ ಒಂದು ಬೆಳಿಗ್ಗೆ ಕಾಯಿರಿ. ನಾನು ಎರಡು ಚಳಿಗಾಲದಲ್ಲಿ ನಾಲ್ಕು ಬೆಳಿಗ್ಗೆ ಕಾದೆ. ಮೂರು ಸಲ ಬರಲಿಲ್ಲ. ನಾಲ್ಕನೆಯ ಸಲ ಎರಡು ಬಂದವು.