ಸೈನಿಕ ಸಾಗಾಟದ ನೌಕೆಗಳು ಮತ್ತು 1914ರ ಮೆಸೊಪೊಟೇಮಿಯಾ ದಂಡಯಾತ್ರೆ

1914ರ ಅಕ್ಟೋಬರ್ 16ರಂದು ಮುಂಬಯಿ ಬಂದರಿನಿಂದ ಮಹಾನೌಕಾಸಮೂಹವೊಂದು ಹೊರಟಿತು. ಮಾರ್ಗಮಧ್ಯದಲ್ಲಿ ಅದರಿಂದ ಬೇರ್ಪಟ್ಟು ಪರ್ಶಿಯನ್ ಕೊಲ್ಲಿಯತ್ತ ತಿರುಗಿದ ಹಡಗುಗಳು ಜನರಲ್ ಡೆಲಮೇನನ 16ನೆಯ ಬ್ರಿಗೇಡನ್ನು ಹೊತ್ತಿದ್ದವು. ಅದರಲ್ಲಿ 117ನೆಯ ಮರಾಠಾ ಪಲ್ಟನ್ನೂ ಇತ್ತು. ‘ಓಷನ್’ ಯುದ್ಧನೌಕೆಯ ರಕ್ಷಣೆಯಲ್ಲಿ ಬಹ್ರೇನಿನವರೆಗೆ ಸಾಗಿ, ತುರ್ಕಿಯೊಡನೆ ಯುದ್ಧ ಘೋಷಿತವಾಗುತ್ತಲೇ ಈ ಸೇನೆಯು ನವೆಂಬರ್ 6ರಂದು ಫಾವೊದಲ್ಲಿ ಇಳಿಯಿತು. ಆ ತಿಂಗಳಿನಲ್ಲಿಯೇ ಬಸ್ರಾ ವಶವಾಯಿತು.

ಕಾಲಾಳುಗಳನ್ನು ಮುಂದೊಯ್ಯಲು ಹಡಗುಗಳು ದೊರೆತವು. ಗಾಯಗೊಂಡವರನ್ನು ಹಿಂದಕ್ಕೆ ತರಲು ಸಾಕಷ್ಟು ದೊರೆಯಲಿಲ್ಲವೆಂಬುದೇ ಈ ಕಥೆಯ ಅತ್ಯಂತ ಶೋಚನೀಯ ಭಾಗ. 1915ರ ನವೆಂಬರಿನ ಟೆಸಿಫೋನ್ ಕದನದ ತರುವಾಯ ‘ಮೆಜಿದಿಯೆ’ ಎಂಬ ನದೀನೌಕೆಯು ನೂರಾರು ಗಾಯಾಳುಗಳನ್ನು ಶುಶ್ರೂಷೆಯಿಲ್ಲದೆ, ನೆರಳಿಲ್ಲದೆ ತುಂಬಿಕೊಂಡು ಬಸ್ರಾ ಸೇರಿದ ದೃಶ್ಯವನ್ನು ‘ವರೇಲಾ’ ಆಸ್ಪತ್ರೆ ಹಡಗಿನ ವೈದ್ಯ ಮೇಜರ್ ಕಾರ್ಟರನು ನಿರ್ಭೀತನಾಗಿ ವರದಿ ಮಾಡಿದನು. ಮೇಲಧಿಕಾರಿಗಳು ಗದರಿಸಿದರೂ ಆತನ ಸಾಕ್ಷ್ಯವು 1917ರ ಮೆಸೊಪೊಟೇಮಿಯಾ ಆಯೋಗದ ವರದಿಯಲ್ಲಿ ಚಿರಸ್ಥಾಯಿಯಾಯಿತು. ಪರೀಕ್ಷಾರ್ಥಿಗಳು ಕಾರ್ಟರನ ಹೆಸರನ್ನು ಸೇನಾಪತಿಗಳ ಹೆಸರಿಗಿಂತ ಮೊದಲು ನೆನಪಿಡಬೇಕೆಂದು ನನ್ನ ಆಗ್ರಹ.

ಟೆಸಿಫೋನಿನ ತರುವಾಯ ತುರ್ಕರು ಕುಟ್ ನಗರಕ್ಕೆ ಹಾಕಿದ ಮುತ್ತಿಗೆಯಲ್ಲಿ 103, 110, 117ನೆಯ ಮರಾಠಾ ಪಲ್ಟನ್ನುಗಳು ಸಿಲುಕಿ, 1916ರ ಏಪ್ರಿಲ್ 29ರಂದು ಶರಣಾಗತವಾದವು. 1922ರ ಪುನಾರಚನೆಯಲ್ಲಿ 117ನೆಯದು ಮರಾಠಾ ರೆಜಿಮೆಂಟಿನ ‘ರಾಯಲ್’ ಬಿರುದಿನ 5ನೆಯ ಬೆಟಾಲಿಯನ್ನಾಯಿತು. ಆ ರೆಜಿಮೆಂಟಿನ ಕೇಂದ್ರವು ಇಂದಿಗೂ ನಮ್ಮ ಬೆಳಗಾವಿಯಲ್ಲಿದೆ.